ಜೀವದ ಜಮಾಖರ್ಚು: ಬನಾರಸಿದಾಸನ ಅರ್ಧಕಥಾನಕ

ವಿಕ್ರಮ ಸಂವತ್ 1698ರ ಮಾರ್ಗಶಿರ ಶುಕ್ಲ ಪಂಚಮಿ, ಸೋಮವಾರ. ಕ್ರಿಸ್ತಶಕದ ಲೆಕ್ಕದಲ್ಲಿ 1641ರ ಚಳಿಗಾಲ. ಆಗ್ರಾ ನಗರದಲ್ಲಿ ಐವತ್ತೈದರ ಪ್ರಾಯದ ಒಬ್ಬ ಜೈನ ವರ್ತಕ 675 ಪದ್ಯಗಳ ಒಂದು ಕೃತಿಯನ್ನು ಮುಗಿಸಿ ಅದಕ್ಕೆ ‘ಅರ್ಧಕಥಾನಕ’ ಎಂದು ಹೆಸರಿಟ್ಟ. ಈ ಕಾಲದ ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂಬುದು ಅವನ ಎಣಿಕೆ. ಅದರಲ್ಲಿ ಅರ್ಧ ಕಳೆದಿತ್ತು. ಆದ್ದರಿಂದ ಅರ್ಧದ ಕಥೆ. ಕಥಾನಾಯಕ ತೀರ್ಥಂಕರನಲ್ಲ, ಚಕ್ರವರ್ತಿಯಲ್ಲ, ತ್ರಿಷಷ್ಟಿ ಶಲಾಕಾಪುರುಷರ ಸಾಲಿನಲ್ಲಿ ಬರುವ ಯಾರೂ ಅಲ್ಲ. ಜೌನಪುರದಲ್ಲಿ ಹುಟ್ಟಿ, ಆಗ್ರಾದಲ್ಲಿ ವ್ಯಾಪಾರ ಮಾಡಿ, ಬಹುಪಾಲು ನಷ್ಟವನ್ನೇ ಕಂಡ ಶ್ರೀಮಾಲ ಜಾತಿಯ ಶ್ರಾವಕ ಬನಾರಸಿದಾಸ. ಬರೆದವನೂ ಅವನೇ.

ಜೈನಕವಿಗಳು ತಮ್ಮ ವಿಷಯವನ್ನು ಹೇಳಿಕೊಂಡದ್ದು ಕನ್ನಡದ ಓದುಗರಿಗೆ ಹೊಸದಲ್ಲ. ಆದಿಪುರಾಣ ರಚನೆಯಾದದ್ದು 941ರಲ್ಲಿ, ಅರ್ಧಕಥಾನಕಕ್ಕಿಂತ ಸರಿಯಾಗಿ ಏಳುನೂರು ವರ್ಷ ಮೊದಲು. ಪಂಪ ತನ್ನ ವಂಶವನ್ನೂ, ತಂದೆ ಜೈನಧರ್ಮವನ್ನು ಸ್ವೀಕರಿಸಿದ್ದನ್ನೂ, ಅರಿಕೇಸರಿ ಕೊಟ್ಟ ಧರ್ಮವುರದ ಅಗ್ರಹಾರವನ್ನೂ ಮರೆಯದೆ ಹೇಳುತ್ತಾನೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಅದನ್ನು ಮುಚ್ಚಿಡುವುದಿಲ್ಲ. ತಾನು ಏರಿದ ಎತ್ತರವನ್ನು ಹೇಳುವಾಗ ಸಂಕೋಚಪಡುವುದೂ ಇಲ್ಲ. ಆದರೆ ಅವೆಲ್ಲ ಮಹಾಕಾವ್ಯದ ಅಂಚಿನಲ್ಲಿ ಕವಿ ತನಗಾಗಿ ಉಳಿಸಿಕೊಂಡ ನಾಲ್ಕು ಮಾತುಗಳು, ಪ್ರಶಸ್ತಿಯ ಧಾಟಿಯವು. ಅಲ್ಲಿ ಗೆಲುವುಗಳಿವೆ. ಬನಾರಸಿದಾಸನಲ್ಲಿ ಅಂಚೇ ಗ್ರಂಥವಾಗಿದೆ. ತುಂಬಿರುವುದು ಹೆಚ್ಚಾಗಿ ಸೋಲು. ಭಾರತೀಯ ಭಾಷೆಗಳಲ್ಲಿ ಇಷ್ಟು ಹಿಂದೆ ಇಷ್ಟು ವಿವರವಾಗಿ ಸಾಮಾನ್ಯ ಗೃಹಸ್ಥನೊಬ್ಬ ತನ್ನ ಬದುಕನ್ನು ಬರೆದಿಟ್ಟ ಉದಾಹರಣೆಗಳು ಬಹಳ ವಿರಳ.

ಅವನ ಮನೆತನ ಲೆಕ್ಕದ ಮನೆತನ. ಪೂರ್ವಜರು ರೋಹತಕ್ ಬಳಿಯ ಬಿಹೋಲಿ ಎಂಬ ಊರಿನವರು, ಆದ್ದರಿಂದ ಬಿಹೋಲಿಯಾ ಎಂಬ ಕುಲನಾಮ. ಅಜ್ಜ ಮೂಲದಾಸ ಮಾಳವದ ನರವರದಲ್ಲಿ ಒಬ್ಬ ಮೊಗಲ ಅಧಿಕಾರಿಯ ಮೋದಿಯಾಗಿದ್ದ. ಆತ ತೀರಿಕೊಂಡಾಗ ಆ ಮೊಗಲ ಮನೆಯ ಸೊತ್ತನ್ನೆಲ್ಲ ವಶಪಡಿಸಿಕೊಂಡ. ವಿಧವೆ ತನ್ನ ಎಳೆಯ ಮಗ ಖರಗಸೇನನನ್ನು ಕರೆದುಕೊಂಡು ಜೌನಪುರದಲ್ಲಿ ರತ್ನವ್ಯಾಪಾರ ಮಾಡುತ್ತಿದ್ದ ತವರುಮನೆಗೆ ಬಂದಳು. ಈ ಖರಗಸೇನನೇ ಬನಾರಸಿದಾಸನ ತಂದೆ. ಮಕ್ಕಳು ಉಳಿಯದ ದುಃಖದಲ್ಲಿ ಗಂಡಹೆಂಡಿರು ರೋಹತಕ್‌ನ ಸತಿಯ ಜಾತ್ರೆಗೆ ಹೋದರು. ದಾರಿಯಲ್ಲಿ ಕಳ್ಳರು ಎಲ್ಲವನ್ನೂ ದೋಚಿದರು; ಮೈಮೇಲಿನ ಬಟ್ಟೆ ಮಾತ್ರ ಉಳಿಯಿತು. ಮಗನನ್ನು ಬೇಡಹೋದವರು ಇದ್ದುದನ್ನೂ ಕಳೆದುಕೊಂಡು ಬಂದರಲ್ಲ, ಆದರೂ ಸತಿಯ ಮೇಲಿನ ನಂಬಿಕೆ ಬಿಡಲಿಲ್ಲವಲ್ಲ ಎಂದು ಮಗ ಮುಂದೆ ಬರೆಯುತ್ತಾನೆ. ಅವನಿಗೆ ಇಟ್ಟ ಮೊದಲ ಹೆಸರು ವಿಕ್ರಮಾಜಿತ. ಆರೇಳು ತಿಂಗಳ ಕೂಸನ್ನು ಕಾಶಿಯ ಪಾರ್ಶ್ವನಾಥನ ಸನ್ನಿಧಿಗೆ ಒಯ್ದಾಗ ಪೂಜಾರಿ ಧ್ಯಾನಸ್ಥನಾದಂತೆ ಕುಳಿತು, ಪಾರ್ಶ್ವನಾಥನ ಯಕ್ಷ ಕಾಣಿಸಿಕೊಂಡು ಭಗವಂತನ ಜನ್ಮಸ್ಥಳದ ಹೆಸರನ್ನೇ ಮಗುವಿಗೆ ಇಡುವಂತೆ ಹೇಳಿದನೆಂದ. ಹೀಗೆ ಬಂದ ಹೆಸರು ಬನಾರಸಿ. ಪೂಜಾರಿಯ ಧ್ಯಾನ ಕಪಟವೆಂದು ಬರೆಯಲು ಆ ಹೆಸರನ್ನು ಹೊತ್ತವನು ಹಿಂಜರಿಯುವುದಿಲ್ಲ. ತನ್ನ ಹೆಸರಿನ ಮೂಲದಲ್ಲೇ ಒಂದು ಸಣ್ಣ ಸುಳ್ಳು ಇದೆಯೆಂದು ಗ್ರಂಥದ ಆರಂಭದಲ್ಲೇ ಒಪ್ಪಿಕೊಂಡವನಿಗೆ ಮುಂದೆ ಮುಚ್ಚಿಡಬೇಕಾದದ್ದು ಕಡಿಮೆ.

ಅಕ್ಬರನ ಆಳ್ವಿಕೆಯ ಸುಖಶಾಂತಿಯ ವರ್ಣನೆಗಳನ್ನು ಓದಿದವರಿಗೆ ಜೌನಪುರದ ರತ್ನಪಡಿಗರ ಅನುಭವ ಬೇರೆಯದಾಗಿ ಕಾಣುತ್ತದೆ. 1598ರಲ್ಲಿ ನವಾಬ ಕಿಲೀಚ್ ಖಾನ್ ಊರಿನ ರತ್ನವರ್ತಕರನ್ನೆಲ್ಲ ಹಿಡಿಸಿ, ತಾನು ಕೇಳಿದ್ದು ಸಿಗದಿದ್ದಾಗ ಚಾಟಿಯಿಂದ ಹೊಡೆಸಿದ. ಬಿಡುಗಡೆಯಾದವರು ಅದೇ ರಾತ್ರಿ ದಿಕ್ಕಿಗೊಬ್ಬರಾಗಿ ಊರು ಬಿಟ್ಟರು. ಮಳೆ, ಕತ್ತಲು, ಹೆಂಗಸರು ಮಕ್ಕಳು. ಖರಗಸೇನ ಅಳುತ್ತ ಶಾಹಜಾದಪುರ ತಲುಪಿದ. ಅಲ್ಲಿ ಕರಮಚಂದನೆಂಬ ವರ್ತಕ ತನ್ನ ಮನೆಯನ್ನೇ ಧಾನ್ಯ, ಪಾತ್ರೆ, ಹಾಸಿಗೆಗಳ ಸಮೇತ ಬಿಟ್ಟುಕೊಟ್ಟ. ಹೊಡೆಸಿದವನ ಹೆಸರಿನಷ್ಟೇ ಸ್ಪಷ್ಟವಾಗಿ ಮನೆ ಕೊಟ್ಟವನ ಹೆಸರೂ ಗ್ರಂಥದಲ್ಲಿ ದಾಖಲಾಗಿದೆ. ಮುಂದೆ ಅದೇ ಮನೆತನದ ಚೀನೀ ಕಿಲೀಚ್ ಜೌನಪುರಕ್ಕೆ ಅಧಿಕಾರಿಯಾಗಿ ಬಂದಾಗ ಬನಾರಸಿದಾಸ ಅವನ ಸ್ನೇಹಿತನಾದ, ಅವನಿಗೆ ನಾಮಮಾಲೆಯ ಪಾಠ ಹೇಳಿದ. ತಂದೆಯ ಬೆನ್ನಿನ ಮೇಲೆ ಬಿದ್ದ ಏಟನ್ನು ಆ ಸ್ನೇಹದ ಪ್ರಸಂಗದಲ್ಲಿ ಅವನು ಎತ್ತಿ ಆಡುವುದಿಲ್ಲ.

ಬಾಲ್ಯದಲ್ಲಿ ಕವಡೆ ಮಾರಿ ಒಂದೆರಡು ಟಕ್ಕೆ ಗಳಿಸಿ ತಂದಾಗ ಅಜ್ಜಿ ಆ ಮೊದಲ ಸಂಪಾದನೆಯಲ್ಲಿ ಸಿಹಿ ಹಂಚಿದಳು. ಆದರೆ ಹುಡುಗನ ಮನಸ್ಸು ಅಂಗಡಿಯಲ್ಲಿ ನಿಲ್ಲಲಿಲ್ಲ. ಪಂಡಿತ ದೇವದತ್ತನ ಬಳಿ ನಾಮಮಾಲೆ, ಅನೇಕಾರ್ಥ, ಜ್ಯೋತಿಷ, ಅಲಂಕಾರ, ಜೊತೆಗೆ ಕೋಕಶಾಸ್ತ್ರ. ಭಾನುಚಂದ್ರಯತಿಗಳ ಬಳಿ ಧರ್ಮಪಾಠ. ಇವೆರಡರ ನಡುವೆ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಪ್ರೇಮದ ಹುಚ್ಚು. ತಂದೆಯ ಪೆಟ್ಟಿಗೆಯಿಂದ ಮಾಣಿಕ್ಯ ಕದ್ದು ಪ್ರಿಯೆಗೆ ಮಿಠಾಯಿ ಕಳಿಸಿದ್ದನ್ನೂ ಅವನು ಬಿಡದೆ ಬರೆದಿದ್ದಾನೆ. ಅದೇ ಹುರುಪಿನಲ್ಲಿ ಒಂದು ಸಾವಿರ ಪದ್ಯಗಳ ‘ನವರಸ’ವೆಂಬ ಕಾವ್ಯ ಕಟ್ಟಿದ. ಹೆಸರಿಗೆ ಒಂಬತ್ತು ರಸ, ತುಂಬಿದ್ದು ಶೃಂಗಾರ. ಹೆಂಡತಿಯ ತವರಾದ ಖೈರಾಬಾದಿಗೆ ಹೋದಾಗ ಮೈತುಂಬ ವ್ರಣಗಳೆದ್ದು, ನೆಂಟರು ಹತ್ತಿರ ಸುಳಿಯದ ಸ್ಥಿತಿ ಬಂತು. ಅತ್ತೆ ಮತ್ತು ಹೆಂಡತಿ ಮಾತ್ರ ಕೈಬಿಡಲಿಲ್ಲ. ಊರಿನ ನಾಪಿತನೊಬ್ಬ ಉಪ್ಪಿಲ್ಲದ ಕಡಲೆಯ ಪಥ್ಯ ಹಾಕಿ ಗುಣಪಡಿಸಿದ. ಹೆಚ್ಚು ಓದುವುದು ಬ್ರಾಹ್ಮಣರಿಗೂ ಭಟ್ಟಂಗಿಗಳಿಗೂ ಸರಿ, ವರ್ತಕನ ಮಗ ಅಂಗಡಿಯಲ್ಲಿ ಕೂರಬೇಕು ಎಂದು ಮನೆಯ ಹಿರಿಯರು ಬುದ್ಧಿ ಹೇಳಿದರು. ಹಿರಿಯರ ಮಾತನ್ನು ಅವನು ನಿಷ್ಠೆಯಿಂದ ಬರೆದಿಟ್ಟಿದ್ದಾನೆ, ನಿಷ್ಠೆಯಿಂದ ಪಾಲಿಸಲಿಲ್ಲ.

1605ರಲ್ಲಿ ಅಕ್ಬರನ ಸಾವಿನ ಸುದ್ದಿ ಜೌನಪುರ ತಲುಪಿದಾಗ ಬನಾರಸಿದಾಸ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಕೇಳಿದ ಗಳಿಗೆಯಲ್ಲೇ ತಲೆ ತಿರುಗಿ ಉರುಳಿಬಿದ್ದ. ಹಣೆ ಒಡೆದು ಅಂಗಳ ಕೆಂಪಾಯಿತು. ತಾಯಿ ಬಟ್ಟೆ ಸುಟ್ಟ ಬೂದಿಯನ್ನು ಗಾಯಕ್ಕೆ ಒತ್ತಿ ಮಲಗಿಸಿದಳು. ಊರಿನಲ್ಲಿ ಬಾಗಿಲುಗಳು ಮುಚ್ಚಿದವು. ಜನ ಒಡವೆಗಳನ್ನು ಹೂತಿಟ್ಟು ದಪ್ಪನೆಯ ಬಟ್ಟೆ ಉಟ್ಟರು. ಬಡವರಾರು ಉಳ್ಳವರಾರು ತಿಳಿಯದಂತಾಯಿತು. ಹತ್ತು ದಿನಗಳ ನಂತರ ಜಹಾಂಗೀರ್ ಪಟ್ಟವೇರಿದನೆಂಬ ಪತ್ರ ಬಂದ ಮೇಲೆಯೇ ಅಂಗಡಿಗಳು ತೆರೆದದ್ದು. ಆಸ್ಥಾನದ ಇತಿಹಾಸಕಾರರು ಪಟ್ಟಾಭಿಷೇಕವನ್ನು ವರ್ಣಿಸಿದರು. ಆ ಹತ್ತು ದಿನ ಒಂದು ಪಟ್ಟಣದ ಬೀದಿ ಹೇಗಿತ್ತೆಂಬುದನ್ನು ಈ ವರ್ತಕನ ಪದ್ಯಗಳಿಂದ ತಿಳಿಯಬೇಕು.

ಆ ಬೀಳುವಿಕೆಗೆ ಇನ್ನೊಂದು ಫಲವಿತ್ತು. ಯೋಗಿಯೊಬ್ಬ ಕೊಟ್ಟಿದ್ದ ಶಂಖವನ್ನು ಸದಾಶಿವನೆಂದು ಅವನು ಗುಟ್ಟಾಗಿ ಪೂಜಿಸುತ್ತಿದ್ದ. ಅದಕ್ಕೂ ಮೊದಲು ಒಬ್ಬ ಸಂನ್ಯಾಸಿಯ ಮಾತು ನಂಬಿ, ವರ್ಷ ತುಂಬಿದ ಮೇಲೆ ದಿನಕ್ಕೊಂದು ಚಿನ್ನದ ದೀನಾರ ಬಾಗಿಲಲ್ಲಿ ಬಿದ್ದಿರುತ್ತದೆಂದು ಮಂತ್ರ ಜಪಿಸಿದ್ದೂ ಉಂಟು. ವರ್ಷ ತುಂಬಿತು, ಬಾಗಿಲಲ್ಲಿ ಏನೂ ಇರಲಿಲ್ಲ. ಈಗ ಮೆಟ್ಟಿಲಿಂದ ಬಿದ್ದು ಏಳುವಾಗ, ನಿತ್ಯ ಪೂಜೆ ಪಡೆದ ದೇವರು ಏಕೆ ಹಿಡಿಯಲಿಲ್ಲವೆಂಬ ಪ್ರಶ್ನೆ ಮೂಡಿತು. ಶಂಖ ಮೂಲೆ ಸೇರಿತು. ಪ್ರಶ್ನೆ ಅಲ್ಲಿಗೇ ನಿಲ್ಲದೆ ತನ್ನ ಕಡೆಗೂ ತಿರುಗಿತು. ಒಂದು ಸಂಜೆ ಗೆಳೆಯರೊಡನೆ ಗೋಮತಿಯ ಸೇತುವೆಯ ಮೇಲೆ ಕುಳಿತು ‘ನವರಸ’ವನ್ನು ಓದುತ್ತಿದ್ದಾಗ, ಒಂದು ಸುಳ್ಳು ಹೇಳಿದವನಿಗೇ ನರಕವೆನ್ನುವಾಗ ಸಾವಿರ ಪದ್ಯ ಸುಳ್ಳು ಹೊಸೆದವನ ಗತಿಯೇನು ಎನ್ನಿಸಿ, ಹೊತ್ತಗೆಯನ್ನು ಹಾಗೆಯೇ ನದಿಗೆ ಎಸೆದ. ಗೆಳೆಯರು ಹಾಹಾಕಾರ ಮಾಡಿದರು. ಬಿಡಿ ಹಾಳೆಗಳು ಹರಡಿ ತೇಲಿಹೋದವು. ನದಿ ಆಳವಿತ್ತು, ಯಾರೂ ಇಳಿಯಲಿಲ್ಲ. ಮಗ ದಾರಿಗೆ ಬಂದನೆಂದು ಖರಗಸೇನ ಹಿಗ್ಗಿದ. ಅಕ್ಬರನ ಕಾಲದಲ್ಲಿ ಕಟ್ಟಿದ ಜೌನಪುರದ ಕಲ್ಲುಸೇತುವೆ ಇಂದಿಗೂ ನಿಂತಿದೆ.

ಆ ಸಂಜೆಗೂ 1641ಕ್ಕೂ ನಡುವೆ ಮೂವತ್ತಾರು ವರ್ಷಗಳ ಅಂತರ. ಸುಳ್ಳಿನ ಸಾವಿರ ಪದ್ಯಗಳನ್ನು ನೀರಿಗೆ ಹಾಕಿದವನು ನಿಜದ 675 ಪದ್ಯಗಳನ್ನು ಬರೆಯಲು ಅಷ್ಟು ಕಾಲ ಬೇಕಾಯಿತು. ನಡುವೆ ಅವನು ಕಲಿತದ್ದು ಮುಖ್ಯವಾಗಿ ವ್ಯಾಪಾರದಲ್ಲಿ ಸೋಲುವುದನ್ನು.

1610ರಲ್ಲಿ ತಂದೆ ಅವನ ಹಣೆಗೆ ತಿಲಕವಿಟ್ಟು ಮನೆಯ ಹೊಣೆ ಒಪ್ಪಿಸಿದ. ರತ್ನಗಳು, ಇಪ್ಪತ್ತು ಮಣ ತುಪ್ಪ, ಎರಡು ಕುಪ್ಪೆ ಎಣ್ಣೆ, ಜೌನಪುರದ ಬಟ್ಟೆ, ಹೀಗೆ ಇನ್ನೂರು ರೂಪಾಯಿಯ ಸರಕನ್ನು ಬೆಲೆಸಹಿತ ಕಾಗದದ ಮೇಲೆ ಪಟ್ಟಿಮಾಡಿ ಕೊಟ್ಟು ಆಗ್ರಾಕ್ಕೆ ಕಳಿಸಿದ. ಇಟಾವಾದ ಬಳಿ ಮಳೆ ಹಿಡಿಯಿತು. ಸರಾಯಿಯಲ್ಲಿ ಜಾಗವಿಲ್ಲ, ಕೆಸರಿನಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆದು, ಇಬ್ಬರು ಸಂಗಡಿಗರೊಡನೆ ಕಾವಲುಗಾರರ ಗುಡಿಸಲು ಸೇರಿದ. ಅಷ್ಟರಲ್ಲಿ ಒಬ್ಬ ಬಲಿಷ್ಠ ಬಂದು ಮಂಚ ಹಾಕಿಸಿಕೊಂಡು ಮೇಲೆ ಮಲಗಿದ. ಇವರು ಮೂವರೂ ಗೋಣಿ ಹಾಸಿಕೊಂಡು ಆ ಮಂಚದ ಕೆಳಗೆ ರಾತ್ರಿ ಕಳೆದರು. ಆಗ್ರಾ ತಲುಪಿದ ಮೇಲೆ ಸರಕು ಕೈಯಲ್ಲಿ ಕರಗಿತು. ಕೆಲವು ರತ್ನಗಳು ಇಜಾರದ ದಾರದಿಂದ ಜಾರಿ ಬಿದ್ದವು, ಕೆಲವನ್ನು ಇಲಿ ಎಳೆದೊಯ್ದಿತು, ಕೊಂಡವರು ಹಣ ಕೊಡಲಿಲ್ಲ. ಮಾರುಕಟ್ಟೆಗೆ ಹೋಗುವುದೂ ನಿಂತಿತು. ಹಗಲು ಮನೆಯಲ್ಲಿ ಕುಳಿತಿರುವುದು. ರಾತ್ರಿ ‘ಮಧುಮಾಲತಿ’, ‘ಮೃಗಾವತಿ’ ಎಂಬ ಪ್ರೇಮಕಥೆಗಳನ್ನು ರಾಗವಾಗಿ ಓದುವುದು. ಹತ್ತಿಪ್ಪತ್ತು ಜನ ಕೇಳಲು ಸೇರುತ್ತಿದ್ದರು.

ಕೇಳುವವರಲ್ಲಿ ಒಬ್ಬ ಕಚೋರಿ ಮಾರುವವನು. ಬನಾರಸಿದಾಸ ಅವನಿಂದ ಸೇರು ಕಚೋರಿಗಳನ್ನು ಸಾಲವಾಗಿ ತಂದು ತಿನ್ನುತ್ತಿದ್ದ. ಕೆಲವು ದಿನಗಳ ನಂತರ ಅವನನ್ನು ಒಂಟಿಯಾಗಿ ಕಂಡು, ತನ್ನಲ್ಲಿ ಕಾಸಿಲ್ಲ, ಇನ್ನು ಮುಂದೆ ಸಾಲ ಕೊಡಬೇಡ ಎಂದು ತಾನೇ ಹೇಳಿಬಿಟ್ಟ. ಇಪ್ಪತ್ತು ರೂಪಾಯಿವರೆಗೂ ತಿನ್ನು, ಯಾರೂ ಏನೂ ಅನ್ನುವುದಿಲ್ಲ ಎಂದ ಆ ಕಚೋರಿಯವನು. ಹೀಗೆ ಆರೇಳು ತಿಂಗಳು ನಡೆಯಿತು. ಕೊನೆಗೆ ಲೆಕ್ಕ ಮಾಡಿದಾಗ ಆದದ್ದು ಹದಿನಾಲ್ಕು ರೂಪಾಯಿ. ಹೆಂಡತಿಯ ಊರಿಗೆ ಹೋದಾಗ ಅವಳು ಗುಟ್ಟಾಗಿ ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿ ತೆಗೆದುಕೊಟ್ಟಳು. ಅವಳ ತಾಯಿ ಯಾರಿಗೂ ತಿಳಿಯದಂತೆ ಇನ್ನೂರು ಕೊಟ್ಟಳು. ಈ ಮೊತ್ತಗಳನ್ನು ಬನಾರಸಿದಾಸ ಮೂವತ್ತು ವರ್ಷಗಳ ನಂತರವೂ ತಪ್ಪಿಸುವುದಿಲ್ಲ. ಉಪಕಾರವನ್ನು ವಿಶೇಷಣಗಳಿಂದ ಹೊಗಳುವ ಕವಿಗಳು ಬೇಕಾದಷ್ಟು. ರೂಪಾಯಿ ಲೆಕ್ಕದಲ್ಲಿ ನೆನಪಿಟ್ಟುಕೊಂಡವನು ಇವನು. ಇನ್ನೊಬ್ಬರ ದಯೆ ಎಷ್ಟೆಂಬುದನ್ನು ಅಂಕಿಯಲ್ಲಿ ಬರೆದಿಟ್ಟಾಗ ಅದನ್ನು ಮುಂದೆ ಕಡಿಮೆ ಮಾಡಿ ಹೇಳಲು ಬರುವುದಿಲ್ಲ.

ಪ್ರಯಾಣದ ಪ್ರಸಂಗಗಳು ಹಲವಿವೆ. ದಾರಿ ತಪ್ಪಿ ಕಳ್ಳರ ಹಳ್ಳಿ ಹೊಕ್ಕಾಗ ಸಂಸ್ಕೃತ ಶ್ಲೋಕವೊಂದನ್ನು ಹೇಳಿ ಬ್ರಾಹ್ಮಣನೆನಿಸಿಕೊಂಡು, ರಾತ್ರಿಯೇ ಬಟ್ಟೆಯ ನೂಲು ಎಳೆದು ಜನಿವಾರ ಹೊಸೆದು ಹಾಕಿಕೊಂಡದ್ದು ಒಂದು. ಖೋಟಾ ರೂಪಾಯಿಯ ಅಪವಾದಕ್ಕೆ ಸಿಕ್ಕಿ, ಬೆಳಗಾಗುವಷ್ಟರಲ್ಲಿ ಶೂಲದ ಕಂಬಗಳು ಬಂದು ಬಿದ್ದದ್ದು, ಹತ್ತಿರದ ಊರಿನ ಬೀಗತನ ತಟ್ಟನೆ ನೆನಪಾಗಿ ಅದನ್ನು ರುಜುವಾತು ಮಾಡಿ ತಲೆ ಉಳಿಸಿಕೊಂಡದ್ದು ಇನ್ನೊಂದು. ಆಗ್ರಾದಲ್ಲಿ 1616ರ ಸುಮಾರಿಗೆ ಹಬ್ಬಿದ ಮಹಾಮಾರಿಯ ವರ್ಣನೆಯಂತೂ ವೈದ್ಯಕೀಯ ಇತಿಹಾಸಕ್ಕೇ ಬೆಲೆಬಾಳುವಂಥದು. ಮೈಯಲ್ಲಿ ಗಂಟು ಏಳುತ್ತಿತ್ತು, ತಕ್ಷಣ ಪ್ರಾಣ ಹೋಗುತ್ತಿತ್ತು, ಇಲಿಗಳು ಸಾಯುತ್ತಿದ್ದವು, ಜನ ಭಯದಿಂದ ಅನ್ನ ಮುಟ್ಟುತ್ತಿರಲಿಲ್ಲ ಎಂದು ನಾಲ್ಕೇ ಮಾತಿನಲ್ಲಿ ಅವನು ಹೇಳಿರುವ ಲಕ್ಷಣಗಳು ಪ್ಲೇಗಿನವೇ.

ಮನೆಯ ಲೆಕ್ಕ ಇನ್ನೂ ಕಠಿಣ. ಮೂರು ಮದುವೆ, ಮೊದಲಿಬ್ಬರು ಹೆಂಡಂದಿರು ಅಕ್ಕತಂಗಿಯರು. ಎರಡು ಹೆಣ್ಣು, ಏಳು ಗಂಡು, ಒಟ್ಟು ಒಂಬತ್ತು ಮಕ್ಕಳು. ಒಬ್ಬರೂ ಉಳಿಯಲಿಲ್ಲ. ವ್ಯಾಪಾರದಲ್ಲೂ ಕಾವ್ಯದಲ್ಲೂ ಜೊತೆಯಾಗಿದ್ದ ಪ್ರಾಣಮಿತ್ರ ನರೋತ್ತಮದಾಸನೂ ಹೋದ. ಕಚೋರಿಯ ಸಾಲಕ್ಕೆ ಹಲವು ಪದ್ಯ ಕೊಟ್ಟವನು ಒಂಬತ್ತು ಮಕ್ಕಳ ಸಾವನ್ನು ಕೊನೆಯಲ್ಲಿ ಎಣಿಸಿ, ಎಲೆ ಉದುರಿದ ಮರದ ಒಂದು ಹೋಲಿಕೆ ಕೊಟ್ಟು ಮುಂದೆ ಸಾಗುತ್ತಾನೆ. ಇದನ್ನು ಭಾವಶೂನ್ಯತೆ ಎಂದವರಿದ್ದಾರೆ. ಆದರೆ ಅಳುವಿನಿಂದ ತೀರುವ ಬಾಕಿಯಲ್ಲ ಅದು ಎಂಬುದು ಆ ಎಣಿಕೆಯಲ್ಲೇ ಇದೆ.

ಇಷ್ಟನ್ನು ಹೀಗೆ ದೂರ ನಿಂತು ನೋಡುವ ಕಣ್ಣು ಅವನಿಗೆ ಎಲ್ಲಿಂದ ಬಂತು? ಉತ್ತರ ಸಿಗುವುದು ಎರಡು ಗ್ರಂಥಗಳಲ್ಲಿ; ಎರಡರ ಬೇರೂ ದಕ್ಷಿಣದಲ್ಲಿದೆ. 1623ರಲ್ಲಿ ಅರಥಮಲ್ಲನೆಂಬ ಗೆಳೆಯ ಕುಂದಕುಂದಾಚಾರ್ಯರ ಸಮಯಸಾರದ ಮೇಲೆ ರಾಜಮಲ್ಲ ಬರೆದ ಬಾಲಬೋಧ ಟೀಕೆಯನ್ನು ಅವನ ಕೈಗಿಟ್ಟ. ಕನ್ನಡ ಶಾಸನಗಳು ಕೊಂಡಕುಂದಾನ್ವಯವೆಂದು ಮತ್ತೆ ಮತ್ತೆ ನೆನೆಯುವ ಆ ಆಚಾರ್ಯರ ಹೆಸರು ನಿಂತಿರುವುದು ಗುಂತಕಲ್ಲಿನ ಬಳಿಯ ಕೊಂಡಕುಂದೆಯ ಮೇಲೆ. ದೇಹ, ಕರ್ಮ, ರಾಗದ್ವೇಷ ಇವುಗಳಿಂದ ಬೇರೆಯಾಗಿ, ಬರಿಯ ಜ್ಞಾತೃವಾಗಿ ಉಳಿಯುವ ಆತ್ಮನನ್ನು ನಿಶ್ಚಯನಯದಿಂದ ನಿರೂಪಿಸುವ ಗ್ರಂಥ ಅದು. ಬನಾರಸಿದಾಸ ಅದನ್ನು ಓದಿ ತಪ್ಪಾಗಿ ಅರ್ಥಮಾಡಿಕೊಂಡ. ಆತ್ಮ ಶುದ್ಧವೇ ಆಗಿದ್ದರೆ ಜಪ, ಸಾಮಾಯಿಕ, ಪ್ರತಿಕ್ರಮಣ ಯಾಕೆಂದು ಎಲ್ಲವನ್ನೂ ಬಿಟ್ಟ. ಚಂದ್ರಭಾನ, ಉದಯಕರಣ, ಥಾನಮಲ್ಲ ಎಂಬ ಮೂವರು ಗೆಳೆಯರ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಟ್ಟೆ ಕಳಚಿ, ಪರಿಗ್ರಹವೇ ಇಲ್ಲದ ಮುನಿಗಳಾದೆವೆಂದು ತಿರುಗಾಡಿದ. ಒಬ್ಬರ ತಲೆಗೊಬ್ಬರು ಪಾದರಕ್ಷೆಯಿಂದ ಹೊಡೆಯುವ ಆಟವೂ ನಡೆಯಿತು. ಊರು ನಕ್ಕಿತು, ಶ್ರಾವಕರೂ ಯತಿಗಳೂ ನಿಂದಿಸಿದರು. ಈ ಹುಚ್ಚಾಟವನ್ನು ಪರರು ಬರೆದಿದ್ದರೆ ಅಪಪ್ರಚಾರವೆನ್ನಬಹುದಿತ್ತು. ಬರೆದವನು ತಾನೇ, ಊರಿನ ನಗೆಗೆ ತನ್ನ ನಗೆಯನ್ನೂ ಸೇರಿಸಿದ್ದಾನೆ.

ಹನ್ನೆರಡು ವರ್ಷ ಹೀಗೆ ಕಳೆದ ಮೇಲೆ 1635ರಲ್ಲಿ ಪಂಡಿತ ರೂಪಚಂದ ಆಗ್ರಾಕ್ಕೆ ಬಂದು, ತಿಹುನಾ ಸಾಹು ಕಟ್ಟಿಸಿದ ಬಸದಿಯಲ್ಲಿ ಇಳಿದುಕೊಂಡು ಗೊಮ್ಮಟಸಾರದ ಮೇಲೆ ವ್ಯಾಖ್ಯಾನ ನಡೆಸಿದ. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ, ಚಾವುಂಡರಾಯನ ಗೊಮ್ಮಟ ಎಂಬ ಹೆಸರನ್ನೇ ಹೊತ್ತ ಗ್ರಂಥ. ಶ್ರವಣಬೆಳಗೊಳದ ಬೆಟ್ಟದ ನೆರಳಿನಲ್ಲಿ ಹತ್ತನೆಯ ಶತಮಾನದಲ್ಲಿ ಮೂಡಿದ ಪ್ರಾಕೃತ ಗಾಥೆಗಳು ಆರೂವರೆ ಶತಮಾನಗಳ ನಂತರ ಯಮುನೆಯ ದಡದ ವರ್ತಕರ ಗುಂಪೊಂದನ್ನು ದಾರಿಗೆ ತಂದವು. ಗುಣಸ್ಥಾನಗಳು ಹದಿನಾಲ್ಕು, ಜೀವ ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಆ ಮೆಟ್ಟಿಲಿಗೆ ತಕ್ಕ ಆಚರಣೆ ಅದಕ್ಕೆ ಬೇಕೇ ಬೇಕು. ಗೃಹಸ್ಥನು ಮುನಿಯ ಮೆಟ್ಟಿಲಿನ ಮಾತನ್ನು ಆಡಿದ ಮಾತ್ರಕ್ಕೆ ಅಲ್ಲಿಗೆ ಏರಿದವನಾಗುವುದಿಲ್ಲ. ಹರೆಯದಲ್ಲಿ ಮೆಟ್ಟಿಲಿಂದ ಬಿದ್ದು ಒಂದು ನಂಬಿಕೆ ಕಳೆದುಕೊಂಡವನಿಗೆ ಐವತ್ತರ ಹತ್ತಿರ ಮೆಟ್ಟಿಲುಗಳ ಲೆಕ್ಕ ಸಿಕ್ಕಿತು. ಮರುವರ್ಷವೇ, 1636ರಲ್ಲಿ, ಅವನ ಪ್ರಸಿದ್ಧ ಕೃತಿ ‘ಸಮಯಸಾರ ನಾಟಕ’ ಮುಗಿಯಿತು. ಅರ್ಧಕಥಾನಕ ಅದಾದ ಐದು ವರ್ಷಗಳಿಗೆ.

ಈ ಕ್ರಮವನ್ನು ಗಮನಿಸಬೇಕು. ಸಮಯಸಾರ ಅವನಿಗೆ ತನ್ನಿಂದ ತಾನು ಸರಿದು ನಿಲ್ಲುವುದನ್ನು ಕಲಿಸಿತು. ನಡೆದದ್ದನ್ನೆಲ್ಲ ನೋಡುವವನೊಬ್ಬ ಬೇರೆಯೇ ಇದ್ದಾನೆಂಬ ಅರಿವು ಇಲ್ಲದೆ ತನ್ನ ಮೂರ್ಖತನಕ್ಕೆ ಇಷ್ಟು ನಿರಾಳವಾಗಿ ನಗಲು ಬರುವುದಿಲ್ಲ. ಗೊಮ್ಮಟಸಾರ ಅವನನ್ನು ಮತ್ತೆ ನೆಲಕ್ಕೆ ಇಳಿಸಿತು. ನಿಂತ ಜಾಗ ಯಾವುದೆಂದು ಹೇಳಿತು. ಮೊದಲನೆಯದು ಮಾತ್ರ ಇದ್ದಿದ್ದರೆ ಕಚೋರಿಯ ಸಾಲ ಬರೆಯಲು ಯೋಗ್ಯವೆಂದೇ ತೋರುತ್ತಿರಲಿಲ್ಲ. ಎರಡನೆಯದು ಮಾತ್ರ ಇದ್ದಿದ್ದರೆ ಬರಹ ಪಶ್ಚಾತ್ತಾಪದಲ್ಲಿ ಮುಳುಗುತ್ತಿತ್ತು.

ಅರ್ಧಕಥಾನಕವನ್ನು ಜೈನರ ಆಲೋಚನಾ ವಿಧಿಯ ಸಾಹಿತ್ಯರೂಪವೆಂದು ಹೇಳುವ ಆಸೆ ಸಹಜ. ಗುರುವಿನ ಮುಂದೆ ದೋಷಗಳನ್ನು ಒಂದೊಂದಾಗಿ ನಿವೇದಿಸುವುದು ಆಲೋಚನಾ. ಅದರಿಂದ ಹಿಂದಿರುಗುವುದು ಪ್ರತಿಕ್ರಮಣ. ಮುಂದೆ ಮಾಡೆನೆಂದು ಬಿಡುವುದು ಪ್ರತ್ಯಾಖ್ಯಾನ. ಆದರೆ ಈ ಕೃತಿಯಲ್ಲಿ ಮೂರನೆಯದು ಕಾಣುವುದಿಲ್ಲ. ಕೊನೆಯಲ್ಲಿ ಬನಾರಸಿದಾಸ ತನ್ನ ಸದ್ಯದ ಗುಣದೋಷಗಳ ಪಟ್ಟಿ ಕೊಡುತ್ತಾನೆ. ಕವಿತೆ ಬಲ್ಲ, ಕ್ಷಮಾವಂತ, ಪರಸ್ತ್ರೀಯನ್ನು ಬಯಸದವನು, ಇವು ಜಮೆಯ ಕಡೆ. ಖರ್ಚಿನ ಕಡೆ ಲೋಭ ದೊಡ್ಡದು; ಲಾಭವಾದರೆ ಹಿಗ್ಗು, ನಷ್ಟವಾದರೆ ಕುಗ್ಗು. ಜಪತಪಗಳಲ್ಲಿ ಆಸಕ್ತಿ ಕಡಿಮೆ. ಸಣ್ಣ ಮಾತಿಗೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾನೆ, ಇಲ್ಲದ್ದನ್ನು ಸೇರಿಸಿ ಕಥೆ ಹೇಳುತ್ತಾನೆ, ಯಾರೂ ಇಲ್ಲದಾಗ ಒಂಟಿಯಾಗಿ ಕುಣಿಯುತ್ತಾನೆ, ಕಾರಣವಿಲ್ಲದೆ ಥಟ್ಟನೆ ಹೆದರುತ್ತಾನೆ. ಇವನ್ನು ಬಿಡುವೆನೆಂಬ ಪ್ರತಿಜ್ಞೆ ಇಲ್ಲ. ವರ್ತಕನು ವರ್ಷಾಂತ್ಯದಲ್ಲಿ ಲೆಕ್ಕದ ಪುಸ್ತಕದ ಬಾಕಿಯನ್ನು ಮುಂದಿನ ವರ್ಷಕ್ಕೆ ಎಳೆದು ಬರೆಯುವ ರೀತಿ ಇದು. ಆಗ ಬೇಕಾಗುವ ಪ್ರಾಮಾಣಿಕತೆ ಒಂದೇ, ಅಂಕಿ ತಿದ್ದದಿರುವುದು.

ಗ್ರಂಥದಲ್ಲೇ ಒಂದೆಡೆ ಮನುಷ್ಯ ಗುಟ್ಟಾಗಿಡಬೇಕಾದ ಒಂಬತ್ತು ಸಂಗತಿಗಳನ್ನು ಅವನು ಎಣಿಸುತ್ತಾನೆ: ಆಯುಸ್ಸು, ಹಣ, ಮನೆಯ ವಿಚಾರ, ದಾನ, ಮಾನ, ಅಪಮಾನ, ಔಷಧ, ಮೈಥುನ, ಮಂತ್ರ. ವ್ಯವಹಾರ ಬಲ್ಲ ಹಿರಿಯರ ನೀತಿ ಅದು. ಆದರೆ ಇದೇ ಪುಸ್ತಕದಲ್ಲಿ ವಯಸ್ಸು ಇದೆ, ಹದಿನಾಲ್ಕು ರೂಪಾಯಿಯ ಸಾಲವಿದೆ, ಹೆಂಡತಿಯ ಗುಟ್ಟಿನ ಹಣವಿದೆ, ಮಂಚದ ಕೆಳಗಿನ ಅಪಮಾನವಿದೆ, ನಾಪಿತನ ಔಷಧವಿದೆ, ದೀನಾರದ ಮಂತ್ರವಿದೆ. ಒಂಬತ್ತರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವನೇ ಬಯಲಿಗಿಟ್ಟಿದ್ದಾನೆ. ನೀತಿಯನ್ನು ಬರೆಯುವಾಗಲೇ ಅದನ್ನು ಮುರಿದ ಈ ವಿರೋಧ ಅವನಿಗೆ ಗೊತ್ತಿಲ್ಲದೆ ಉಳಿದಿರಲಾರದು.

ಇದರಿಂದ ಅವನಿಗೆ ದೊರೆತದ್ದೇನು? ರಾಜಾಶ್ರಯವಿಲ್ಲ, ಅಗ್ರಹಾರವಿಲ್ಲ. ಭಾಷೆಯನ್ನು ಅವನು ಮಧ್ಯದೇಶದ ಮಾತು ಎಂದು ಕರೆದಿದ್ದಾನೆ. ಅಂಗಡಿ ಬೀದಿಯಲ್ಲಿ ಆಡುವ ಮಾತು, ದೋಹೆ ಚೌಪಾಈಗಳಂಥ ಸರಳ ಛಂದಸ್ಸು. ಸಮಯಸಾರ ನಾಟಕದ ಪ್ರೌಢಿ ಇಲ್ಲಿ ಬೇಕೆಂದೇ ಇಲ್ಲ. ಓದುವವರು ಆಗ್ರಾದ ಅಧ್ಯಾತ್ಮ ಗೋಷ್ಠಿಯ ಗೆಳೆಯರು. ದುಷ್ಟರು ನಗುತ್ತಾರೆ, ಮಿತ್ರರು ಸಂತೋಷದಿಂದ ಕೇಳುತ್ತಾರೆ ಎಂದಷ್ಟೇ ಅವನ ನಿರೀಕ್ಷೆ. ಮಕ್ಕಳಿಲ್ಲದ ಮನೆಯಲ್ಲಿ ಲೆಕ್ಕದ ಪುಸ್ತಕವನ್ನು ಒಪ್ಪಿಸಲು ಉತ್ತರಾಧಿಕಾರಿ ಇರಲಿಲ್ಲ. ಕೇಳುವ ಗೆಳೆಯರಿದ್ದರು. ಹಿಂದೆ ಇಪ್ಪತ್ತು ಜನರ ಮುಂದೆ ಬೇರೆಯವರ ಪ್ರೇಮಕಥೆ ಓದಿ ಹೊಟ್ಟೆ ಹೊರೆದವನು ಈಗ ಅಂಥದೇ ಒಂದು ಸಣ್ಣ ಗುಂಪಿಗೆ ತನ್ನ ಕಥೆ ಓದುವ ಹಕ್ಕು ಗಳಿಸಿದ್ದ.

ಅವನ ಅಧ್ಯಾತ್ಮ ಪಂಥವನ್ನು ಮುಂದೆ ಮೇಘವಿಜಯರು ‘ಯುಕ್ತಿಪ್ರಬೋಧ’ದಲ್ಲಿ ಕಟುವಾಗಿ ಖಂಡಿಸಿದರು. ಅಭಿಮಾನಿಗಳು ಇನ್ನೊಂದು ಬಗೆಯ ಅನ್ಯಾಯ ಮಾಡಿದರು: ತುಳಸೀದಾಸರೊಡನೆ ಭೇಟಿ, ಶಹಜಹಾನನ ಜೊತೆ ಚದುರಂಗ, ಹೀಗೆ ದಂತಕಥೆಗಳು ಬೆಳೆದವು. ಅರ್ಧಕಥಾನಕದಲ್ಲಿ ಇವುಗಳ ಸುಳಿವೂ ಇಲ್ಲ. ಕಚೋರಿಯವನ ಸಾಲವನ್ನು ಬಿಡದವನು ಬಾದಶಹನ ಜೊತೆಯ ಚದುರಂಗವನ್ನು ಬಿಡುತ್ತಿದ್ದನೇ? ಕೃತಿ ಅಚ್ಚಾಗಿ ವಿದ್ವಾಂಸರ ಕೈಗೆ ಬಂದದ್ದು ನಾಥೂರಾಮ ಪ್ರೇಮಿ ಮತ್ತು ಮಾತಾಪ್ರಸಾದ ಗುಪ್ತರ ಸಂಪಾದನೆಗಳಿಂದ, 1943ರಲ್ಲಿ. 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದ ಬಂದ ಮೇಲೆ ಮೊಗಲರ ಕಾಲದ ವ್ಯಾಪಾರವನ್ನು ಅಧ್ಯಯನ ಮಾಡುವವರಿಗೆ ಅದು ಆಕರವೇ ಆಯಿತು.

ಉಳಿದ ಐವತ್ತೈದು ವರ್ಷ ಬರಲಿಲ್ಲ. ವಿಕ್ರಮ ಸಂವತ್ 1700ರಲ್ಲಿ ಬನಾರಸಿದಾಸ ‘ಕರ್ಮಪ್ರಕೃತಿವಿಧಾನ’ವೆಂಬ ಚಿಕ್ಕ ಕೃತಿ ಬರೆದ, ಅವನ ಕೊನೆಯ ರಚನೆಯೆಂದು ತಿಳಿಯಲಾಗಿರುವುದು ಅದೇ. 1701ರಲ್ಲಿ ಗೆಳೆಯ ಜಗಜೀವನ ಅವನ ಬಿಡಿ ರಚನೆಗಳನ್ನು ಒಟ್ಟುಗೂಡಿಸಿ ‘ಬನಾರಸೀವಿಲಾಸ’ ಎಂದು ಹೆಸರಿಟ್ಟ. ಆ ಕೊನೆಯ ಕೃತಿಯ ವಸ್ತು ಜೀವಕ್ಕೆ ಅಂಟುವ ಕರ್ಮಗಳ ಪ್ರಭೇದಗಳು: ಮೂಲ ಪ್ರಕೃತಿಗಳು ಎಂಟು, ಉತ್ತರ ಪ್ರಕೃತಿಗಳು ನೂರನಲವತ್ತೆಂಟು, ಒಂದೊಂದನ್ನೂ ಹೆಸರು ಹಿಡಿದು ಎಣಿಸಿದ್ದು.